ಗೊಂಬಿ ಮಾಳಿಗಿ ನೋಡಬಾರದು, ಹುಡುಗೂರನ್ನ ನೋಡಬೇಕು

ಇವತ್ತ ಮುಂಜಾನಿ ಬಾಗಲಕೋಟಿ ಕಡೆದ ಒಂದು ಸಾಲಿ ಗ್ಯಾದರಿಂಗಿನ ವಿಡಿಯೋ ನೋಡಿದೆ. ಯಾವ ಸಾಲಿ ಅನ್ನೂದು ಬ್ಯಾಡ. ಅಕ್ಕೋರು ಕಷ್ಟಪಟ್ಟು ಕಾಲಚೀಲದ ಗೊಂಬಿ ಮಾಡ್ಯಾರ, ಹುಡುಗೂರು ಕತಿನೂ ಚೊಲೋ ಕಟ್ಟ್ಯಾರ. ಆದ್ರ ಐದು ನಿಮಿಷದಾಗ ಒಂದು ಸಲಾನೂ ಆ ಗೊಂಬಿ ಮುಂದ ಕುಂತವರನ್ನ ನೋಡಲಿಲ್ಲ. ಮಾಳಿಗಿ ನೋಡಕೋತ ಮಾತಾಡ್ತು, ಮಾಳಿಗಿ ನೋಡಕೋತ ಅತ್ತು. ವಿಡಿಯೋ ಹಂಚಿದವರು ಅದರ ಮ್ಯಾಲ ಬರದ ಮಾತು ಬ್ಯಾರೆ: ಟಿವಿಯೊಳಗಿನ ಆ ಕಾಲದ ಗೊಂಬಿಗೋಳಿಗೆ ಜೀವ ಇತ್ತಂತ, ಈಗ ಅದು ಯಾರಿಗೂ ಬರಂಗಿಲ್ಲಂತ.

ಯಾಕ ಬರಂಗಿಲ್ಲ? ಈ ಮಾತಿಗೇ ನನಗ ಸಿಟ್ಟು ಬರೂದು. ಲಿಜ್ಜತ್ ಪಾಪಡದ ಜಾಹೀರಾತಿನ ಮೊಲ ನೆನಪೈತಲ್ಲ? ಗೊಂಬಿ ಆಡಸೂ ಕಲಾವಿದ ರಾಮದಾಸ ಪಾಧ್ಯೆ ಅವರ ಕೈಯಾಗಿನ ಗೊಂಬಿ ಅದು. 2006ರಾಗ ಟಿವಿಯೊಳಗ ಶುರುವಾದ ಮಕ್ಕಳ ಕಾರ್ಯಕ್ರಮ ಗಲ್ಲಿ ಗಲ್ಲಿ ಸಿಮ್ ಸಿಮ್‌ನ ಚಮ್ಕಿ, ಮಪೆಟ್ ಶೋದ ಕಪ್ಪಿ ಕರ್ಮಿಟ್, ಎಲ್ಲಾ ಬಟ್ಟಿ, ಸ್ಪಂಜು, ಒಂದು ಮನಷ್ಯಾನ ಕೈ. ಜೀವ ಬಂದದ್ದು ನೋಟದಿಂದ. ಗೊಂಬಿ ನಿಮ್ಮನ್ನ ನೋಡಿದ್ರ ಅದು ಬದುಕತೈತಿ, ನೋಡಲಿಲ್ಲಂದ್ರ ಕೈಗೆ ಹಾಕಿದ ಕಾಲಚೀಲ, ಅಷ್ಟ.

ಮಾಳಿಗಿ ಯಾಕ ನೋಡತೈತಿ ಅಂದ್ರ, ಕೈ ನೆಟ್ಟಗ ಎತ್ತಿದಾಗ ಬೆರಳು ತಾವಾಗೇ ಮ್ಯಾಲ ಹೋಗತಾವ. ಗೊಂಬಿ ಮಾರಿ ಮುಂದ ಬರಬೇಕಂದ್ರ ಮಣಿಕಟ್ಟು ಮುಂದಕ್ಕ ಬಗ್ಗಬೇಕು, ಗೌಂಡಿ ಕಾಟಕೋನ ಹಿಡದಂಗ. ಅದರ ಮ್ಯಾಲ ನಮ್ಮ ಸಾಲ್ಯಾಗ ಹುಡುಗೂರು ಕುಂದ್ರೂದು ನೆಲದ ಮ್ಯಾಲ, ಗೊಂಬಿ ಇರೂದು ಐದಡಿ ಎತ್ತರದಾಗ. ಹಂಗಾಗಿ ಕಾಟಕೋನಕ್ಕಿಂತ ಇನ್ನೂ ಒಂದೀಟು ಹೆಚ್ಚು ಬಗ್ಗಿಸಬೇಕು. ಎರಡು ಮೂರು ನಿಮಿಷಕ್ಕ ಮಣಿಕಟ್ಟು ಸೋಲತೈತಿ. ಮೊದಲು ಗೊಂಬಿ ಮಾರಿ ಮ್ಯಾಲ ಏಳತೈತಿ, ಆಮ್ಯಾಲ ಮೊಣಕೈ ಇಳದು ಇಡೀ ಗೊಂಬಿ ಪರದೆ ಹಿಂದ ಸಾವಕಾಶ ಮುಳಗತೈತಿ. ಆಡಸವರಿಗೆ ಇದು ಗೊತ್ತಾಗೂದ ಇಲ್ಲ, ಯಾಕಂದ್ರ ಅವರಿಗೆ ಕಾಣೂದು ಗೊಂಬಿ ಬೆನ್ನು. ಅದಕ್ಕ ಒಂದು ಗೊಂಬಿ ಎರಡು ನಿಮಿಷದ ಮ್ಯಾಲ ನಿಂದ್ರಬಾರದು. ಕತಿ ಬರಿಯುವಾಗನ ಅದನ್ನ ಹೊರಗ ಕಳಸ್ರಿ, ಇನ್ನೊಂದನ್ನ ಕರೀರಿ.

ಬಾಯಿದೂ ಇದ ರಗಳಿ. ಮಾತಾಡುವಾಗ ಹೆಬ್ಬಟ್ಟು ಕೆಳಗ ಇಳೀಬೇಕು, ಮ್ಯಾಲಿನ ನಾಕು ಬೆರಳು ಅಲಗಾಡಬಾರದು. ಎಲ್ಲಾರೂ ನಾಕು ಬೆರಳು ಎತ್ತತಾರ. ಎತ್ತಿದ ಕೂಡಲೇ ತಲಿ ಹಿಂದಕ್ಕ ಬೀಳತೈತಿ, ಕಣ್ಣು ಮತ್ತ ಮಾಳಿಗಿಗೆ! ಇನ್ನೊಂದು ತಪ್ಪು ಅಂದ್ರ ಅಕ್ಷರ ಬಂದಾಗ ಬಾಯಿ ಮುಚ್ಚೂದು. ಆವಾಗ ಗೊಂಬಿ ಮಾತು ನುಂಗಿದಂಗ ಕಾಣತೈತಿ. ಧ್ವನಿ ಹೊಂಟಾಗ ತಗೀಬೇಕು. ‘ನಮಸ್ಕಾರ್ರೀ’ ಅಂದ್ರ ನಾಕು ಸಲ ತಗೀರಿ, ‘ಕಾ’ಕ್ಕ ಒಂದ ಅಗಲ, ಉಳದವಕ್ಕ ಅರ್ಧ. ಮಾತು ಮುಗದ ಕೂಡಲೇ ಬಾಯಿ ಮುಚ್ಚಬೇಕು, ಇಲ್ಲಂದ್ರ ಮುಂದಿನ ಪಾತ್ರ ಮಾತಾಡುವಾಗ ಇದು ಬಾಯಿ ತಕ್ಕೊಂಡು ನಿಂತಿರತೈತಿ.

ಕಣ್ಣು ಹಚ್ಚುವಾಗ ಕರಿಗುಡ್ಡಿ ಎರಡೂ ಮೂಗಿನ ಕಡೆ ಒಂದು ನೂಲು ಒಳಗ ಇರಲಿ. ನಟ್ಟನಡುವ ಹಚ್ಚಿದ್ರ ನೋಟ ಎಲ್ಲೂ ಕೂಡಂಗಿಲ್ಲ. ಅಂಗಡ್ಯಾಗ ಸಿಗೂ ಅಲಗಾಡೋ ಗುಡ್ಡಿ ಕಣ್ಣು ದಯಮಾಡಿ ತರಬ್ಯಾಡ್ರಿ, ಆ ಗುಡ್ಡಿ ಯಾವಾಗಲೂ ಕೆಳಗ ಬಿದ್ದಿರತೈತಿ. ಹೊಳಿಯೂ ಗುಂಡಿನೂ ಬ್ಯಾಡ, ದೀಪದ ಬೆಳಕು ಬಿದ್ದ ಕಡೆ ಕಣ್ಣು ಬೆಳ್ಳಗಾಗತೈತಿ.

ಅವರ ಹತ್ರ ರೊಕ್ಕ ಇತ್ತು, ನಮ್ಮ ಹತ್ರ ಇಲ್ಲ ಅಂತ ಹೇಳವರದಾರ. ಮಪೆಟ್ ಗೊಂಬಿ ಹುಟ್ಟಿಸಿದ ಅಮೆರಿಕಾದ ಜಿಮ್ ಹೆನ್ಸನ್ 1955ರಾಗ ಮೊದಲನೇ ಕರ್ಮಿಟ್ ಮಾಡಿದ್ದು ಅವ್ವನ ಹಳೇ ಕೋಟಿನ ಬಟ್ಟೀಲೆ, ಕಣ್ಣಿಗೆ ಪಿಂಗ್‌ಪಾಂಗ್ ಚೆಂಡಿನ ಎರಡು ಹೋಳು. ಇನ್ನ ರೊಕ್ಕ ಸುರದವರ ಕತಿ ನೋಡ್ರಿ. 1965ರ ಬ್ರಿಟನ್ನಿನ ಟಿವಿ ಧಾರಾವಾಹಿ ಥಂಡರ್‌ಬರ್ಡ್ಸ್‌ನ ಗೊಂಬಿಗೋಳ ತಲಿಯೊಳಗ ವಿದ್ಯುತ್ ಯಂತ್ರ ಇಟ್ಟು, ಮೊದಲ ರೆಕಾರ್ಡ್ ಮಾಡಿದ ಮಾತಿಗೆ ತುಟಿ ತಾನಾಗೇ ಆಡೂ ಹಂಗ ಮಾಡಿದ್ರು. ಅಷ್ಟಾದರೂ ತಂತಿ ಮ್ಯಾಲಿನ ಗೊಂಬಿಗೆ ಭಾರ ಸಾಲದ ನಡಿಗಿ ಕೂಡಲಿಲ್ಲ. ಅದಕ್ಕ ಭಾಳಷ್ಟು ಸಲ ಅವನ್ನ ವಾಹನದಾಗ ಕುಂದ್ರಿಸಿ, ಸೊಂಟದ ಮ್ಯಾಲಷ್ಟ ತೋರಿಸಿದ್ರು. ರೊಕ್ಕ ಆಮ್ಯಾಲಿನ ಮಾತ್ರೀ.

ಅಮೆರಿಕಾದ ಮಕ್ಕಳ ಟಿವಿ ಕಾರ್ಯಕ್ರಮ ಸೆಸಮಿ ಸ್ಟ್ರೀಟ್‌ನ ಬಿಗ್ ಬರ್ಡ್ ಇನ್ನೂ ದೊಡ್ಡ ಪಾಠ. 8 ಅಡಿ 2 ಇಂಚಿನ ಹಳದಿ ಹಕ್ಕಿ. 1969ರಿಂದ ದಶಕಗಟ್ಟಲೆ ಅದನ್ನ ಆಡಿಸಿದ ಕ್ಯಾರಲ್ ಸ್ಪಿನ್ನಿ ಬಲಗೈ ತಲಿ ಮ್ಯಾಲ ನೆಟ್ಟಗ ಎತ್ತಿ ಹಕ್ಕಿ ಕೊಕ್ಕು ಆಡಸ್ತಿದ್ರು, ಕಿರಿಬೆರಳಿಲೆ ಕಣ್ಣು. ಎಡಗೈ ಎಡ ರೆಕ್ಕಿಯೊಳಗ. ಬಲ ರೆಕ್ಕಿ ಖಾಲಿ. ಅದನ್ನ ಮೀನು ಹಿಡಿಯೂ ದಾರದಿಂದ ಎಡಗೈಗೆ ಕಟ್ಟಿದ್ರು, ಎಡಗೈ ಇಳದ್ರ ಅದು ಏರತಿತ್ತು. ಒಳಗಿಂದ ಹೊರಗಿನದು ಕಾಣತಿರಲಿಲ್ಲ. ಹಕ್ಕಿ ಎತ್ತ ನೋಡಾಕತ್ತೈತಿ ಅನ್ನೂದನ್ನ ಎದಿಗೆ ಕಟ್ಟಿದ ಸಣ್ಣ ಟಿವಿಯೊಳಗ ನೋಡಕೋತ ಆಡಸ್ತಿದ್ರು. ಆಡಸವನೂ ನೋಡವರ ಜಾಗಾದಾಗ ನಿಂತು ನೋಡಬೇಕು ಅನ್ನೂದು ಇದ.

ಸಾಮಾನು ಇಲ್ಲೇ ಸಿಗತಾವ. ಬಾಯಿ ಹಲಗಿಗೆ ಬರೇ ರಟ್ಟು ಬ್ಯಾಡ, ಕೈ ಬೆವರಿಗೆ ಮೆತ್ತಗಾಗತೈತಿ. ಹಳೇ ಪ್ಲಾಸ್ಟಿಕ್ ಫೈಲಿನ ಮುಚ್ಚಳ ಕತ್ತರಸ್ರಿ, ಒಳಗ ಬೆರಳಿಗೆ ಇಲಾಸ್ಟಿಕ್ ಪಟ್ಟಿ ಹೊಲೀರಿ. ಸ್ಪಂಜಿಗೆ ಬಿಳಿ ಗೋಂದು ಹಚ್ಚಿದ್ರ ಒಣಗಿ ಬಿರುಸಾಗಿ ಬಿಡತೈತಿ. ರಬ್ಬರ್ ಗೋಂದು ಎರಡೂ ಬದಿಗೆ ಹಚ್ಚಿ, ಐದತ್ತು ನಿಮಿಷ ಬಿಟ್ಟು, ಅಂಟಂಟಾದ ಮ್ಯಾಲ ಒತ್ತಬೇಕು. ಅದನ್ನ ಥರ್ಮಾಕೋಲಿಗೆ ಹಚ್ಚೀರಿ ಮತ್ತ, ಕರಗಿ ಹೋಗತೈತಿ. ಗೊಂಬಿ ಕೈ ಆಡಸಾಕ ಸೈಕಲ್ ಕಡ್ಡಿ ಸಾಕು, ಹೊಳಪಿಲ್ಲದ ಕರಿ ಬಣ್ಣ ಬಳೀರಿ. ಗುಳೇದಗುಡ್ಡದ ಖಣ ಗೊಂಬಿಗೆ ಭಾಳ ಚಂದ ಒಪ್ಪತೈತಿ, ಆದ್ರ ಸಣ್ಣ ಬುಟ್ಟಾದ್ದು ಮೊಬೈಲ್ ವಿಡಿಯೋದಾಗ ಅಲಿ ಅಲಿ ಆಗಿ ಮಿನಗತೈತಿ; ದೊಡ್ಡ ಬುಟ್ಟಾದ್ದು ಆರಸ್ರಿ.

ಇದು ಹೊರದೇಶದ್ದು, ನಮಗ ತೊಗಲು ಗೊಂಬಿ ಐತಿ ಅನ್ನವರಿಗೂ ಒಂದು ಮಾತು. ಕೊಪ್ಪಳ ಜಿಲ್ಲಾ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಾಗ ಪದ್ಮಶ್ರೀ ಬಂತು, ಎದಿ ತುಂಬಿ ಬಂತು. ಅವರ ಆಟದಾಗೂ ಶಿಸ್ತು ಇದ: ಗೊಂಬಿ ಪರದೆಗೆ ಒತ್ತಿರಬೇಕು, ನಾಕು ಬೆರಳು ಹಿಂದ ಸರದ್ರ ಅಂಚು ಮಸುಕಾಗಿ ಮಾರೀನ ಕಾಣಂಗಿಲ್ಲ. ಟಿವಿ ಅಂದ್ರ ನಮಗ ಹೊರಗಿನದೂ ಅಲ್ರೀ. 1975ರ ಆಗಸ್ಟ್ 1ಕ್ಕ ಉಪಗ್ರಹದಿಂದ ಹಳ್ಳಿಗೋಳಿಗೆ ಟಿವಿ ತೋರಸೂ ‘ಸೈಟ್’ ಪ್ರಯೋಗ ಶುರುವಾದಾಗ ಅಖಂಡ ವಿಜಾಪುರ ಜಿಲ್ಲಾದ ಹಳ್ಳಿಗೋಳೂ ಅದರಾಗ ಇದ್ದು. ಬೆಂಗಳೂರು ದೂರದರ್ಶನ ಬಂದದ್ದು 1981ಕ್ಕ.

ಡಿಸೆಂಬರ್ ಗ್ಯಾದರಿಂಗಿಗೆ ತಾಲೀಮು ಮಾಡಸೂ ಅಕ್ಕೋರೆ, ಮಾಸ್ತರೆ, ಒಂದ ಕೇಳಕೋತೀನಿ. ಪರದೆ ಮುಂದ, ಹುಡುಗೂರು ಕುಂದ್ರೂ ಎತ್ತರಕ್ಕ ಒಂದು ಮೊಬೈಲ್ ಇಡ್ರಿ, ಹಿಂದಿನ ಕ್ಯಾಮರಾದಿಂದ ಎರಡು ನಿಮಿಷ ಹಿಡೀರಿ, ಧ್ವನಿ ಬಂದ್ ಮಾಡಿ ಆಡಸೂ ಹುಡುಗೂರಿಗೇ ತೋರಸ್ರಿ. ಕರಿಗುಡ್ಡಿ ಎರಡೂ ನಿಮ್ಮ ಕಡೆ ನೋಡಾಕತ್ತಾವನ? ಇಲ್ಲಂದ್ರ ಮಣಿಕಟ್ಟು ಇನ್ನೊಂದೀಟು ಬಗ್ಗಸ್ರಿ.