ತಲೆಗೆ ಬಟ್ಟೆ ಎಲ್ಲ ಕಡೆ ಕಡ್ಡಾಯವಲ್ಲ

"ಮುಸ್ಲಿಂ ದೇಶಕ್ಕೆ ಹೋದರೆ ಪ್ರವಾಸಿ ಹೆಂಗಸರೂ ತಲೆ ಮುಚ್ಚಲೇಬೇಕು, ರಂಜಾನ್‌ನಲ್ಲಿ ಹಗಲು ಊಟವೇ ಸಿಗುವುದಿಲ್ಲ" ಎಂಬ ಸಂದೇಶ ಹರಿದಾಡುತ್ತಿದೆ. ಮೊದಲ ಸಲ ಹೊರಟವರು ಸುಮ್ನೆ ಹೆದರಬೇಡಿ. ಇದು ಪೂರ್ತಿ ಸುಳ್ಳಲ್ಲ, ಆದರೆ ಒಂದು ದೇಶದ ನಿಯಮವನ್ನು ಎಲ್ಲರ ತಲೆಗೂ ಕಟ್ಟಿದ್ದಾರೆ.

ಇರಾನ್‌ನ ಕಾನೂನು ತಲೆ ಮುಚ್ಚಬೇಕೆಂದು ವಿದೇಶಿ ಹೆಂಗಸರಿಗೂ ಹೇಳುತ್ತದೆ. ಟರ್ಕಿ, ಮೊರಾಕ್ಕೊ, ಈಜಿಪ್ಟ್, ಮಲೇಷ್ಯಾದಲ್ಲಿ ಪ್ರವಾಸಿಗರಿಗೆ ಅಂಥ ಕಾನೂನಿಲ್ಲ. ಸೌದಿ ಅರೇಬಿಯಾ ಕೂಡ 2019ರಲ್ಲಿ ಪ್ರವಾಸಿ ವೀಸಾ ಶುರು ಮಾಡಿದಾಗ, ವಿದೇಶಿ ಹೆಂಗಸರಿಗೆ ಅಬಾಯಾ (ಉದ್ದನೆಯ ಸಡಿಲ ಮೇಲಂಗಿ) ಕಡ್ಡಾಯವಲ್ಲ, ಮೈ ಮುಚ್ಚುವ ಬಟ್ಟೆ ಸಾಕು ಎಂದಿತು.

ಮಸೀದಿಯ ಮಾತು ಬೇರೆ. ಇಸ್ತಾಂಬುಲ್‌ನ ನೀಲಿ ಮಸೀದಿಗೆ ಹೋಗುವ ಹೆಂಗಸರು ತಲೆ ಮುಚ್ಚಬೇಕು, ಎಲ್ಲರೂ ಚಪ್ಪಲಿ ಬಿಡಬೇಕು. ಚಡ್ಡಿ ಹಾಕಿದ ಗಂಡಸರಿಗೂ ಪ್ರವೇಶವಿಲ್ಲ. ಇದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಲ್ವಾ? ನಮಾಜಿನ ಹೊತ್ತಿನಲ್ಲಿ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ. ಶುಕ್ರವಾರ ಮಧ್ಯಾಹ್ನ ಜಾಸ್ತಿ ಕಾಯಬೇಕಾಗುತ್ತದೆ.

ರಂಜಾನ್ ವಿಷಯದಲ್ಲೂ ಹೀಗೇ. ಕುವೈತ್‌ನಲ್ಲಿ ಹಗಲು ಹೊತ್ತು ಎಲ್ಲರೆದುರು ತಿಂದರೆ, ನೀರು ಕುಡಿದರೂ ಶಿಕ್ಷೆಯಿದೆ. ದುಬೈ ಮಾತ್ರ 2021ರಿಂದ ಹೋಟೆಲುಗಳು ಹಗಲು ಊಟ ಮಾಡುವವರು ಕಾಣದಂತೆ ಪರದೆ ಕಟ್ಟಬೇಕಿಲ್ಲ ಎಂದಿದೆ. ಹಬ್ಬದ ತಿಂಗಳು ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. ಹಾಗಾಗಿ ಟಿಕೆಟ್ ಮಾಡುವ ಮುಂಚೆ ಆ ವರ್ಷದ ತಾರೀಕು ನೋಡಿಕೊಳ್ಳಿ.

ಸಂದೇಶದಲ್ಲಿ ಇಲ್ಲದ ಒಂದು ಮಾತು: ಮಾಲ್ಡೀವ್ಸ್‌ಗೆ ಮದ್ಯ ಒಯ್ಯುವಂತಿಲ್ಲ. ಡ್ಯೂಟಿ ಫ್ರೀ ಬಾಟಲಿಯನ್ನೂ ವಿಮಾನ ನಿಲ್ದಾಣದಲ್ಲೇ ಇಟ್ಟುಕೊಳ್ಳುತ್ತಾರೆ.