ಅಳಿಯಕಟ್ಟು ಹೋಯಿತು, ಗೈಡ್‌ಕಟ್ಟು ಬಂತು

ಆಸ್ತಿ ಸೋದರಮಾವನಿಂದ ಸೋದರಳಿಯನಿಗೆ ಇಳಿಯುವ ಅಳಿಯಕಟ್ಟು ಕರಾವಳಿಯಲ್ಲಿ ಮುಗಿದ ಕತೆ ಎಂದು ನಂಬಿದವರು ಒಮ್ಮೆ ನಮ್ಮ ಪಿಎಚ್‌ಡಿ ಪ್ರಬಂಧಗಳ ‘ಸಂಶೋಧನಾ ವಿಧಾನ’ ಎಂಬ ಅಧ್ಯಾಯ ಓದಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಮಾವನ ಗದ್ದೆ ಯಾರಿಗೆ, ಮನೆ ಯಾರಿಗೆ ಎಂಬುದನ್ನೆಲ್ಲ ತಿದ್ದಿತು. ಗೈಡ್‌ನ ವಿಧಾನ ಯಾರಿಗೆ ಎಂಬುದನ್ನು ಮಾತ್ರ ಮುಟ್ಟಲಿಲ್ಲ. ಅದು ಈಗಲೂ ಗೈಡ್‌ನಿಂದ ಶಿಷ್ಯನಿಗೆ, ಶಿಷ್ಯ ಗೈಡ್ ಆದ ಮೇಲೆ ಅವನ ಶಿಷ್ಯೆಗೆ, ಪಾಲಾಗದೆ, ಸಾಲ ಸಮೇತ ಇಳಿದು ಬರುತ್ತಿದೆ.

‘ನನಗೆ ಏನು ತಿಳಿಯಬೇಕು’ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಯಾವ ಡಿಪಾರ್ಟ್‌ಮೆಂಟು ಎಂದು ಹೇಳಿದರೆ ಸಾಕು, ವಿಧಾನ ತಾನಾಗಿ ಬಂದು ಕೂರುತ್ತದೆ. ಕನ್ನಡದವರಾದರೆ ಶೀರ್ಷಿಕೆಯ ಕೊನೆಗೆ ‘ಒಂದು ಅಧ್ಯಯನ’ ಎಂದು ಸೇರಿಸಿ, ಮೊದಲ ಅಧ್ಯಾಯದಲ್ಲಿ ತುಳುನಾಡಿನ ಭೌಗೋಳಿಕ ಹಿನ್ನೆಲೆ ಬರೆಯಬೇಕು. ಪೂರ್ವಕ್ಕೆ ಪಶ್ಚಿಮಘಟ್ಟ, ಪಶ್ಚಿಮಕ್ಕೆ ಅರಬ್ಬಿ ಸಮುದ್ರ ಎಂಬುದು ಪ್ರತಿ ಪ್ರಬಂಧದಲ್ಲೂ ಹೊಸದಾಗಿ ಪತ್ತೆಯಾಗುತ್ತದೆ. ಇತಿಹಾಸದವರು ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಕಡತಗಳ ಮುಂದೆ ಕೂತು ಸೀನಬೇಕು. ಅದೇ ಮಿಷನ್ನಿನ ಹೆಂಚಿನ ಕಾರ್ಖಾನೆಯಲ್ಲಿ ಅಜ್ಜ ದುಡಿದ ಕತೆಯನ್ನು ಜೆಪ್ಪುವಿನ ಜಗಲಿಯಲ್ಲಿ ಯಾರಾದರೂ ಹೇಳಲು ಬಂದರೆ, ಅವರು ಸಮಾಜಶಾಸ್ತ್ರಕ್ಕೆ ಸೇರಿದವರು, ಇತಿಹಾಸದವರು ಮಾತಾಡಿಸುವಂತಿಲ್ಲ. ಕಾಮರ್ಸಿನವರಿಗೆ ಪ್ರಶ್ನಾವಳಿ.

ಪ್ರಶ್ನಾವಳಿಗೆ 384 ಮಂದಿ ಬೇಕು. ಯಾಕೆ 384 ಎಂದು ಕೇಳಿದರೆ ‘ಕ್ರೆಜ್ಸಿ ಆ್ಯಂಡ್ ಮೋರ್ಗನ್ ಸರ್’ ಎಂಬ ಉತ್ತರ ಬರುತ್ತದೆ. ಇವರಿಬ್ಬರು 1970ರಲ್ಲಿ ಕೊಟ್ಟ ಕೋಷ್ಟಕದ ಪ್ರಕಾರ ಜನಸಂಖ್ಯೆ ಹತ್ತು ಲಕ್ಷವಾದರೂ 384 ಮಂದಿಯನ್ನು ಕೇಳಿದರೆ ನಡೆಯುತ್ತದೆ. ಆದರೆ ಅವರನ್ನು ಚೀಟಿ ಎತ್ತಿದ ಹಾಗೆ ಆರಿಸಿರಬೇಕು, ಅದು ಷರತ್ತು. ಆ ಷರತ್ತು ಘಟ್ಟ ಇಳಿಯುವಾಗ ಶಿರಾಡಿಯ ಯಾವುದೋ ತಿರುವಿನಲ್ಲಿ ಬಿದ್ದುಹೋಯಿತು. 384 ಒಂದೇ ಕ್ಷೇಮವಾಗಿ ಮಂಗಳೂರು ಮುಟ್ಟಿತು. ಈಗ ಆ 384ರಲ್ಲಿ ಸಂಶೋಧಕಿಯ ಪಿಯುಸಿ ವಾಟ್ಸ್ಆ್ಯಪ್ ಗುಂಪು, ಅತ್ತೆ ಮನೆಯ ಕಡೆಯವರು ಮತ್ತು ಅತ್ತಿಗೆಯ ಬ್ಯಾಂಕಿನ ಸಹೋದ್ಯೋಗಿಗಳು ಇರುತ್ತಾರೆ.

ಎಲ್ಲರೂ ಹಾಗಲ್ಲ, ಫೀಲ್ಡಿಗೆ ಇಳಿಯುವವರೂ ಇದ್ದಾರೆ. ಇಲ್ಲಿಯ ಒಂದು ಮೀನು ಮಾರುಕಟ್ಟೆಯಲ್ಲಿ ಅಂಥ ಒಬ್ಬಳನ್ನು ಕಂಡೆ. ವಿಷಯ, ಮೀನು ಮಾರುವ ಮಹಿಳೆಯರ ಉದ್ಯಮಶೀಲತೆ. ತಿಂಗಳು, ಜುಲೈ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆಯಿಂದ ಮಂಗಳೂರಿನವರೆಗೆ ಬೋಟುಗಳೆಲ್ಲ ದಕ್ಕೆಯಲ್ಲಿ ಒಂದಕ್ಕೊಂದು ಅಂಟಿ ನಿಂತಿರುವ ಕಾಲ. ಬುಟ್ಟಿಯಲ್ಲಿದ್ದದ್ದು ನಾಡದೋಣಿಯವರು ತಂದ ಒಂದಿಷ್ಟು ಮೀನು. ಆದರೆ ಪ್ರೋಗ್ರೆಸ್ ರಿಪೋರ್ಟು ಆಗಸ್ಟಿಗೆ ಕೊಡಬೇಕು, ಕಡಲಿಗೆ ಅದು ಗೊತ್ತಿಲ್ಲ.

“ಅಕ್ಕ, ಹದಿನೇಳನೇ ಪ್ರಶ್ನೆ. ಮಾರುಕಟ್ಟೆಯ ಮೂಲಸೌಕರ್ಯ ನನಗೆ ತೃಪ್ತಿ ತಂದಿದೆ. ಬಲವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಬಲವಾಗಿ ಒಪ್ಪುವುದಿಲ್ಲ. ಯಾವುದು ಹಾಕ್ಲಿ?”

“ಐಸ್ ಸರಿಯಾಗಿ ಸಿಗುದಿಲ್ಲ ಅಂತ ಬರಿ.”

“ಅದಕ್ಕೆ ಕಾಲಂ ಇಲ್ಲ ಅಕ್ಕ.”

“ಪಾಯಿಖಾನೆಗೆ ಬೀಗ ಜಡಿದಿದ್ದಾರೆ. ಅದಕ್ಕೆ ಉಂಟಾ?”

“ಇಲ್ಲ.”

“ಮತ್ತೆ ನಿನ್ನ ಕಾಗದದಲ್ಲಿ ಎಂತ ಉಂಟು ಮಾರಾಯ್ತಿ? ಸ್ವಲ್ಪ ಆಚೆ ನಿಲ್ಲು, ಗಿರಾಕಿ ಬಂದ್ರು.”

ಹುಡುಗಿ ಮಳೆಗೆ ಒದ್ದೆಯಾದ ಕಾಗದದ ಮೇಲೆ ‘ತಟಸ್ಥ’ಕ್ಕೆ ಟಿಕ್ ಹಾಕಿದಳು. ಪೆನ್ನು ಕಾಗದವನ್ನು ತೂತು ಮಾಡಿತು.

ಆ ಟಿಕ್ಕಿನ ಮುಂದಿನ ಯೋಗ ನೋಡಿ. ಅಮೆರಿಕದ ರೆನ್ಸಿಸ್ ಲಿಕರ್ಟ್ 1932ರಲ್ಲಿ ಜನರ ಮನೋಭಾವ ಅಳೆಯಲು ಮಾಡಿಕೊಟ್ಟ ಅಳತೆಯಲ್ಲಿ ಅದು 3 ಆಗುತ್ತದೆ. ಡಿಟಿಪಿ ಅಂಗಡಿಯ ಹುಡುಗ ಅದನ್ನು ಅಂಕಿಅಂಶದ ತಂತ್ರಾಂಶವಾದ ಎಸ್‌ಪಿಎಸ್‌ಎಸ್‌ಗೆ ತುಂಬಿಸುತ್ತಾನೆ. ಸಿಗದ ಐಸು, ಜಡಿದ ಬೀಗ, ಗಿರಾಕಿಯ ಅವಸರ ಎಲ್ಲ ಸೇರಿ ದಶಮಾಂಶ ಬಿಂದುವಿನ ಆಚೆ ಎರಡು ಅಂಕೆಗಳಾಗುತ್ತವೆ. ಆಮೇಲೆ, ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಅಳೆಯುವ ಕ್ರೋನ್‌ಬಾಕ್ ಆಲ್ಫಾ 0.7 ದಾಟಬೇಕು. ದಾಟದೆ ಏನು! ಪ್ರಶ್ನೆ ಓದದೆ ತಮಗೆ ಹಿಡಿಸಿದ ಒಂದೇ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಟಿಕ್ ಎಳೆದವರು ಹೆಚ್ಚಿದ್ದಷ್ಟೂ ಆಲ್ಫಾ ಏರುತ್ತದೆ. ಅಂದರೆ ಉದಾಸೀನಕ್ಕೆ ವಿಶ್ವಾಸಾರ್ಹತೆಯ ಸರ್ಟಿಫಿಕೇಟು. ಕೊನೆಗೆ 0.05. ಫಲಿತಾಂಶ ಬರೀ ಆಕಸ್ಮಿಕವಲ್ಲ ಎಂದು ಒಪ್ಪಿಸಲು ಲೆಕ್ಕದ ಉತ್ತರ ಇದಕ್ಕಿಂತ ಕೆಳಗಿರಬೇಕು. ಅನುಕೂಲಕ್ಕೆ ಇಲ್ಲೊಂದು ಗೆರೆ ಎಳೆಯೋಣ ಎಂಬ ಧಾಟಿಯಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ 1925ರಲ್ಲಿ ಹೇಳಿದ್ದು ನಮ್ಮಲ್ಲಿ ದೈವದ ನೇಮದ ಕಟ್ಟುಕಟ್ಟಳೆಗಿಂತ ಬಿಗಿ. 0.049 ಬಂದವಳಿಗೆ ಸಿಹಿ ಹಂಚುವ ಸಂಭ್ರಮ, 0.051 ಬಂದವಳಿಗೆ ಸೂತಕ.

ಅಂಕಿ ಬಿಟ್ಟು ಮಾತು ನೆಚ್ಚುವ ಗುಣಾತ್ಮಕ ವಿಧಾನದವರು ಇದನ್ನು ಓದಿ ಮೀಸೆ ತಿರುವುವುದು ಬೇಡ. ದೈವ ಮೈಮೇಲೆ ಬರುವ ಮೂವರು ಪಾತ್ರಿಗಳೊಂದಿಗೆ ಚಹಾ ಕುಡಿದು, ಫ್ರೆಂಚ್ ಪಂಡಿತರ ಹೆಸರುಗಳನ್ನು ಒಗ್ಗರಣೆ ಹಾಕಿದ ಪ್ರಬಂಧಗಳನ್ನೂ ಕಂಡಿದ್ದೇವೆ. ಈಚೆಗೆ ‘ಮಿಶ್ರ ವಿಧಾನ’ದ ಗಾಳಿ ಬೀಸಿದೆ. ಹಳೆಯ 384ರ ಜೊತೆಗೆ ಕೊನೆಯಲ್ಲಿ ಎರಡು ಸಂದರ್ಶನ ಅಂಟಿಸಿದರೆ ಮಿಶ್ರವಾಯಿತು. ಕೃತಿಚೌರ್ಯದ ಭಯವೂ ಬೇಡ, ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ವಿಧಾನದ ಅಧ್ಯಾಯ ಆ ಹತ್ತರಲ್ಲಿ ಹಾಯಾಗಿ ಕಾಲು ಚಾಚಿ ಮಲಗುತ್ತದೆ.

ಇದೆಲ್ಲ ನಡೆಯುತ್ತಿರುವುದು ಎಂಥ ಸೀಮೆಯಲ್ಲಿ! 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ, ಅವರ ಪತ್ನಿ ಆನ್ನೆಲಿ, ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರ ಎದುರು ದಿನಗಟ್ಟಲೆ ಕೂತು ತುಳು ಜನಪದ ಕಾವ್ಯದ ನಾಯಕಿ ಸಿರಿಯ ಕತೆ ಕೇಳಿದರು. ನಾಯ್ಕರು ಹಾಡಿದರು, ಇವರು ದಾಖಲಿಸಿದರು. 15,683 ಸಾಲು ಆಯಿತು. 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾಗಿ, ತುಳುವಿನಲ್ಲಿ ಇಷ್ಟು ದೊಡ್ಡ ಕಾವ್ಯವಿದೆ ಎಂದು ಜಗತ್ತು ಕಣ್ಣರಳಿಸಿತು.

ಅದೇ ಯೋಜನೆ ಇವತ್ತು ನಮ್ಮ ಯಾವುದೋ ಸಂಶೋಧನಾ ಸಮಿತಿಯ ಮುಂದೆ ಬಂತೆನ್ನಿ. ಗೋಡಂಬಿ ತಟ್ಟೆ ಒಂದು ಸುತ್ತು ಹೋಗಿ ಬಂದಿದೆ. ಅಧ್ಯಕ್ಷರು ಕನ್ನಡಕ ಹಣೆಗೇರಿಸುತ್ತಾರೆ.

“ಹೈಪಾಥಿಸಿಸ್ ಎಲ್ಲಿದೆ?”

“ಕೇಳಿದ ಮೇಲೆ ಗೊತ್ತಾಗುತ್ತೆ ಸರ್.”

“ಹ್ಞೂಂ. ಸ್ಯಾಂಪಲ್ ಸೈಜ್ ಒಂದು ಅಂತಿದೆ. ಟೈಪಿಂಗ್ ಮಿಸ್ಟೇಕಾ?”

“ಅಲ್ಲ ಸರ್, ಒಬ್ಬರೇ. ಗೋಪಾಲ ನಾಯ್ಕರು.”

“ಆಯ್ತು. ಉಳಿದ 383 ನಾಯ್ಕರನ್ನು ಹುಡುಕಿಕೊಂಡು ಮುಂದಿನ ಮೀಟಿಂಗಿಗೆ ಬನ್ನಿ.”