ಸಿನಿಮಾದ ಮಾತು ಶೂಟಿಂಗ್ ಸ್ಪಾಟ್‌ನಲ್ಲೇ ಸಿಗಬೇಕಾ, ಆಮೇಲೆ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಿದರೆ ಸಾಕಾ?

ಪರ: ಸಿಂಕ್ ಸೌಂಡೇ (ಶೂಟಿಂಗ್ ಹೊತ್ತಲ್ಲೇ ರೆಕಾರ್ಡ್ ಮಾಡಿದ ಮಾತು) ಬೇಕು

ಮಗಳು ಅಪ್ಪನ ಪಕ್ಕ ಕೂತು "ನಾನು ಹೊರಡ್ತೀನಿ" ಅನ್ನುವ ದೃಶ್ಯ ಅಂದುಕೊಳ್ಳಿ. ಮಾತು ಬರುವ ಮುಂಚೆ ಗಂಟಲು ಕಟ್ಟುತ್ತದೆ, ಉಗುಳು ನುಂಗಿದ ಸಣ್ಣ ಸದ್ದು ಕೇಳುತ್ತದೆ. ಅದನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ತಿಂಗಳುಗಳಾದ ಮೇಲೆ ಡಬ್ಬಿಂಗ್ ಸ್ಟುಡಿಯೋದಲ್ಲಿ ಅದೇ ಮಾತು ಹೇಳುವಾಗ ಆಕೆಯ ಗಮನವೆಲ್ಲ ತೆರೆಯ ಮೇಲಿನ ತುಟಿಗೆ ಮಾತು ಕೂಡಿಸುವುದರ ಮೇಲೇ ಇರುತ್ತದೆ. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಮೂರ್ನಾಲ್ಕು ಫ್ರೇಮ್ ಆಚೀಚೆಯಾದರೂ ನೋಡುವವರಿಗೆ ಕಸಿವಿಸಿ. ಇಷ್ಟರ ನಡುವೆ ಆ ಗಂಟಲು ಮತ್ತೆ ಕಟ್ಟುವುದು ಕಷ್ಟ.

ಸಿಂಕ್ ಸೌಂಡ್‌ಗೆ ತಾಳ್ಮೆ ಬೇಕು, ನಿಜ. ಒಳ್ಳೆಯ ರೆಕಾರ್ಡಿಸ್ಟ್ ಬಂದ ಕೂಡಲೇ ಫ್ಯಾನ್, ಎಸಿ, ಫ್ರಿಜ್ ಎಲ್ಲ ಆಫ್ ಮಾಡಿಸುತ್ತಾರೆ. ತಮ್ಮ ಕಾರಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಡುವವರೂ ಇದ್ದಾರೆ, ಹೊರಡುವಾಗ ಮತ್ತೆ ಆನ್ ಮಾಡುವುದು ಮರೆಯಬಾರದು ಅಂತ. ಉದ್ದ ಕೋಲಿಗೆ ಕಟ್ಟಿದ ಬೂಮ್ ಮೈಕ್ ಕ್ಯಾಮೆರಾಗೆ ಕಾಣುವ ಫ್ರೇಮಿನ ಅಂಚಿನ ತನಕ ಬರಲಿ ಅಂತ ಅವರು ಹಟ ಹಿಡಿಯುವುದಕ್ಕೂ ಕಾರಣವಿದೆ. ದೂರ ಎರಡರಷ್ಟಾದರೆ ಬಾಯಿಂದ ನೇರ ಬರುವ ಮಾತು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೋಣೆಯ ಪ್ರತಿಧ್ವನಿ ಮಾತ್ರ ಹೆಚ್ಚೂಕಡಿಮೆ ಹಾಗೇ ಇರುತ್ತದೆ.

ಕೊನೆಗೆ ಎಲ್ಲರೂ ಅರ್ಧ ನಿಮಿಷ ಸುಮ್ನೆ ನಿಂತು ರೂಮ್ ಟೋನ್, ಅಂದರೆ ಮಾತಿಲ್ಲದಾಗಿನ ಆ ಜಾಗದ ಸದ್ದು, ಕೊಡಬೇಕು. ಎಡಿಟಿಂಗ್‌ನಲ್ಲಿ ಮಾತುಗಳ ನಡುವಿನ ಖಾಲಿ ಜಾಗ ತುಂಬುವುದು ಅದೇ. ಅಷ್ಟಕ್ಕೂ ಟೈಮಿಲ್ಲ ಅನ್ನುವ ಸೆಟ್ ಕಂಡರೆ ನನಗೆ ಸಂಕಟವಾಗುತ್ತದೆ.

ವಿರೋಧ: ಡಬ್ಬಿಂಗ್‌ನಲ್ಲೂ ಜೀವ ಇದೆ

ಎಲ್ಲ ಕಡೆಯೂ ಆಫ್ ಮಾಡಲು ಸ್ವಿಚ್ ಸಿಗುವುದಿಲ್ಲವಲ್ಲ? ಸಮುದ್ರದ ದಂಡೆ, ಹೆದ್ದಾರಿ, ಪಂಪು ಹಾಕಿ ಸುರಿಸುವ ಮಳೆ. ಇಂಥ ಕಡೆ ಬಟ್ಟೆಗೆ ಸಿಕ್ಕಿಸುವ ಕಾಲರ್ ಮೈಕ್ ಹಿಡಿಯುವುದರಲ್ಲೂ ಗದ್ದಲವೇ ಜಾಸ್ತಿ. ನಟಿ ಅತ್ತು ಮುಗಿಸಿದ ಮೇಲೆ "ವಿಮಾನ ಹೋಯ್ತು, ಇನ್ನೊಂದು ಟೇಕ್" ಅಂದರೆ ಆ ಅಳು ಮತ್ತೆ ಬರುತ್ತದಾ? ಸಹಜವಾಗಿರಲಿ ಅಂತ ಮಾಡಿದ್ದೇ ಸಹಜತೆಯನ್ನು ಕೊಲ್ಲುತ್ತದೆ.

ಇನ್ನೊಂದು ಮಾತು. ತೆರೆಯ ಮೇಲೆ ಕೇಳುವ ಹೆಜ್ಜೆ, ಸೀರೆಯ ಸರಸರ, ಲೋಟ ಇಟ್ಟ ಸದ್ದು ಎಷ್ಟೋ ಸಲ ಫೋಲಿ ಕಲಾವಿದರು ಆಮೇಲೆ ಚಿತ್ರ ನೋಡಿಕೊಂಡು ಮಾಡಿದ್ದು. ಅದನ್ನು ನಾವು ಮನಸಾರೆ ನಂಬುತ್ತೇವೆ. ಹಾಗಿದ್ದಾಗ ಮಾತನ್ನು ಮಾತ್ರ ಯಾಕೆ ದೂರ ಇಡಬೇಕು?

ಡಬ್ಬಿಂಗ್ ಒಣಗಿರುವುದು ಅದನ್ನು ಆತುರದಲ್ಲಿ ಮುಗಿಸುವುದರಿಂದ. ಸ್ಪಾಟ್‌ನಲ್ಲಿ ಬಳಸಿದ ಮೈಕನ್ನೇ ತನ್ನಿ, ಅಷ್ಟೇ ದೂರದಲ್ಲಿಡಿ. ಪಾತ್ರ ಓಡಿ ಬಂದಿದ್ದರೆ ನಟರನ್ನೂ ಎರಡು ಸುತ್ತು ಓಡಿಸಿ. ಆ ಏದುಸಿರು ಇಳಿಯುವ ಮುಂಚೆ ರೆಕಾರ್ಡಿಂಗ್ ಶುರು ಮಾಡಿ.